ಬೀಜ ಕಾಯುವ ವಿದ್ಯೆ

ಒಕ್ಕಲುತನದ ಮನೆಗೆ ಸಿರಿ ಬರುವುದು ಕಣದಿಂದ. ಬಂದ ಸಿರಿ ನಿಲ್ಲುವುದು ಬೀಜದ ಗಡಿಗೆಯಿಂದ. ಕಣ ತುಂಬಿ ತುಳುಕಿದ ವರ್ಷವೂ ಮುಂದಿನ ಬಿತ್ತನೆಗಾಗಿ ಅಂಗಡಿಯ ಬಾಗಿಲಲ್ಲಿ ಸರದಿ ನಿಲ್ಲುವ ಮನೆತನವನ್ನು ಸ್ವಾವಲಂಬಿ ಎನ್ನಲು ನಮಗೆ ಮನಸ್ಸು ಬಾರದು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಅನೇಕರ ಹೆಸರಿನೊಡನೆ ಅವರ ಕಸುಬೂ ಬೆಸೆದುಕೊಂಡಿದೆ. ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಒಕ್ಕಲಿಗ ಮುದ್ದಣ್ಣ ಇವರನ್ನು ಕಸುಬನ್ನು ಬಿಟ್ಟು ನೆನೆಯುವುದೇ ಅಸಾಧ್ಯ. ಆದರೆ ಕಾಯಕವನ್ನು ಮಾತಿನಲ್ಲಿ ಕೊಂಡಾಡುವ ನಾವು, ಕಾಯಕಕ್ಕೆ ಕೈಯ ಅರಿವು ಬೇಕೆಂಬುದನ್ನು ಮರೆಯುತ್ತಿದ್ದೇವೆ. ಅಂತಹ ಅರಿವುಗಳಲ್ಲಿ ಒಂದಾದ ಬೀಜ ಕಾಯುವ ವಿದ್ಯೆಯನ್ನು ಈ ಸಲ ವಿಚಾರಿಸೋಣ.

ವಿಜಯಪುರ, ಬಾಗಲಕೋಟೆ, ಕಲಬುರಗಿ ಸೀಮೆಯ ಎರೆಭೂಮಿಯಲ್ಲಿ ಹಿಂಗಾರಿ ಜೋಳವನ್ನು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಬಿತ್ತಿ, ಫೆಬ್ರವರಿ-ಮಾರ್ಚ್‌ನಲ್ಲಿ ಕೊಯ್ಯುವರು. ಬೀಜದ ಕಾರ್ಯವು ಕೊಯ್ಲಿಗೆ ಮುನ್ನವೇ ಆರಂಭವಾಗಬೇಕು. ಮನೆಯ ಹಿರಿಯರು ನಿಂತ ಬೆಳೆಯಲ್ಲಿ ಅಡ್ಡಾಡಿ, ಹೊಲದ ಅಂಚನ್ನು ಬಿಟ್ಟು ನಡುವಿನಲ್ಲಿ, ರೋಗವಿಲ್ಲದ ದಂಟಿನ ಮೇಲೆ ತುಂಬಿ ಬಲಿತ ತೆನೆಗಳನ್ನು ಗುರುತಿಸಿ ದಾರ ಕಟ್ಟುವರು. ಆ ತೆನೆಗಳನ್ನು ಬೇರೆಯಾಗಿ ಕೊಯ್ದು, ಬೇರೆಯಾಗಿ ಬಡಿದು, ಬೇರೆಯಾಗಿಯೇ ಒಣಗಿಸಬೇಕು. ಎಕರೆಗೆ ಬೇಕಾದುದು ಸುಮಾರು 3 ಕಿಲೋ ಬೀಜ ಮಾತ್ರ. ಶಾಲೆಗೆ ಹೋಗುವ ಬಾಲಕನೂ ಹೊರಬಲ್ಲ ಭಾರವಿದು.

ಒಣಗಿಸುವುದರಲ್ಲಿಯೇ ಅರ್ಧ ವಿದ್ಯೆ ಅಡಗಿದೆ. ಕಾಳಿನ ತೇವಾಂಶ ಶೇಕಡಾ 12ನ್ನು ಮೀರಬಾರದೆಂದು ಕೃಷಿತಜ್ಞರು ಹೇಳುವರು. ನಮ್ಮ ತಾಯಂದಿರು ಇದೇ ಮಾತನ್ನು ಹಲ್ಲಿನಿಂದ ಅಳೆದರು. ಕಚ್ಚಿದ ಕಾಳು ಮೆದುವಾಗಿ ನುಗ್ಗದೆ ಕಟಕ್ಕೆಂದು ಒಡೆದರೆ ಒಣಗಿತೆಂದು ತಿಳಿದರು. ಬಿಸಿಲಿನಿಂದ ತಂದ ಕಾಳನ್ನು ನೆರಳಿನಲ್ಲಿ ಆರಿಸಿದ ಮೇಲೆಯೇ ಗಡಿಗೆಗೆ ತುಂಬಬೇಕು. ಬಿಸಿಯಿರುವಾಗಲೇ ಬಾಯಿ ಮುಚ್ಚಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುವುದು.

ಉಣ್ಣುವ ಕಾಳಿಗೂ ಬಿತ್ತುವ ಕಾಳಿಗೂ ಹಿರಿಯರು ಭೇದ ಮಾಡಿದ್ದರು. ಉಣ್ಣುವ ಜೋಳ ನೆಲದೊಳಗಿನ ಹಗೇವಿಗೆ ಹೋಗುತ್ತಿತ್ತು. ಅಲ್ಲಿ ಕಾಳೂ ಹುಳವೂ ಉಸಿರಾಡಿ ಪ್ರಾಣವಾಯು ಕುಂದಿ, ಇಂಗಾಲಾಮ್ಲ ತುಂಬಿ ಹುಳಗಳು ಸಾಯುತ್ತಿದ್ದವು. ಅದೇ ಗಾಳಿ ಮನುಷ್ಯನಿಗೂ ಮೃತ್ಯುವಾದುದರಿಂದ, ತೆರೆದ ಹಗೇವಿಗೆ ಮೊದಲು ದೀಪ ಇಳಿಬಿಟ್ಟು ನೋಡುವ ಎಚ್ಚರ ಅವರಲ್ಲಿತ್ತು. ಬೀಜವಾದರೋ ಜೀವವುಳ್ಳದ್ದು, ನೆಲದ ತೇವದಲ್ಲಿ ಅದರ ಮೊಳೆಯುವ ಶಕ್ತಿ ಕುಂದುವುದು. ಆದ್ದರಿಂದ ಅದು ಒಲೆಯ ಹೊಗೆ ತಾಗುವ ತೊಲೆಯಲ್ಲಿ ತೆನೆಯಾಗಿಯೋ, ಬೂದಿ ಬೆರೆಸಿದ ಗಡಿಗೆಯಲ್ಲಿ ಕಾಳಾಗಿಯೋ ಮನೆಯವರ ಕಣ್ಣೆದುರೇ ಇರುತ್ತಿತ್ತು. ತೊಗರಿ, ಹೆಸರುಗಳಿಗೆ ಹುಳದ ತತ್ತಿ ಹೊಲದಲ್ಲಿಯೇ ಅಂಟಿ ಬರುವುದುಂಟು. ಕಿಲೋ ಕಾಳಿಗೆ ಸುಮಾರು 5 ಮಿಲಿಲೀಟರ್ ಎಣ್ಣೆಯನ್ನು ಸವರಿಟ್ಟರೆ ತತ್ತಿ ಬೆಳೆಯದು.

ಬಿತ್ತುವ ಮುನ್ನ ಪರೀಕ್ಷೆಯೊಂದಿದೆ. 100 ಕಾಳನ್ನು ಎಣಿಸಿ ಒದ್ದೆಬಟ್ಟೆಯಲ್ಲಿ ಸುತ್ತಿಟ್ಟು, ಬಟ್ಟೆ ಆರದಂತೆ ಕೆಲವು ದಿನ ಕಾಯಬೇಕು. ಜೋಳದ ಪ್ರಮಾಣಿತ ಬೀಜಕ್ಕೆ ವಿಧಿಸಿರುವ ಕನಿಷ್ಠ ಮೊಳಕೆ ಶೇಕಡಾ 75. ನಿಮ್ಮ ಗಡಿಗೆಯ ಬೀಜ ಅದಕ್ಕಿಂತ ಹೆಚ್ಚು ಮೊಳೆತರೆ ನಿಶ್ಚಿಂತೆಯಿಂದ ಬಿತ್ತಿರಿ. ಕಡಿಮೆಯಾದರೆ ಬೇರೆ ಬೀಜವನ್ನು ಹುಡುಕಲು ಇನ್ನೂ ಕಾಲವಿರುತ್ತದೆ.

ಇಷ್ಟೆಲ್ಲ ಶ್ರಮವೇಕೆ, ಪೇಟೆಯಲ್ಲಿ ಬೀಜ ದೊರೆಯದೇ ಎಂದು ಕೆಲವರು ಕೇಳಬಹುದು. ಭಾರತದ ಮೊದಲ ಸಂಕರಣ ಜೋಳ ಸಿಎಸ್‌ಎಚ್-1 ಬಿಡುಗಡೆಯಾದುದು 1964ರಲ್ಲಿ. ಸಂಕರಣ ತಳಿಗಳಿಂದ ಇಳುವರಿ ಹೆಚ್ಚಿತೆಂಬುದು ಸತ್ಯ. ವಿಜ್ಞಾನವನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಆದರೆ ಅವುಗಳ ಕಾಳನ್ನು ಮರಳಿ ಬಿತ್ತಿದರೆ ಬೆಳೆ ಒಂದೇ ಸಮನಾಗಿ ಬಾರದು. ವರ್ಷವರ್ಷವೂ ಹೊಸದಾಗಿ ಕೊಳ್ಳಲೇಬೇಕು. ಮಾಲದಂಡಿಯಂತಹ ಹಿಂಗಾರಿ ತಳಿಗಳು ಹಾಗಲ್ಲ. ಮನೆಯ ಬೀಜ ಮನೆಯಲ್ಲಿಯೇ ಮುಂದುವರಿಯುವುದು. ರೈತನು ತನ್ನ ಬೆಳೆಯಿಂದ ಬೀಜವನ್ನು ಉಳಿಸುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯೂ ಮನ್ನಿಸಿದೆ. ಹಣದ ಉಳಿತಾಯ ಇಲ್ಲಿ ಚಿಕ್ಕ ಮಾತು. ಎರೆಯ ಹದ ಕೆಲವೇ ದಿನ ಇರುವುದು. ಬೀಜ ಬರಲೆಂದು ಕಾಯುತ್ತ ಹದ ಕಳೆದುಕೊಂಡವನಿಗೆ ಅಂಗಡಿಯ ರಸೀದಿ ಅನ್ನ ಕೊಡದು.

ಕಾಯಿದೆ ಹಕ್ಕನ್ನು ಕೊಡಬಲ್ಲದು, ವಿದ್ಯೆಯನ್ನು ಕೊಡಲಾರದು. ಯಾವ ತೆನೆ ಬೀಜಕ್ಕೆ ಯೋಗ್ಯವೆಂಬ ತಿಳಿವಳಿಕೆ ಇಂದು ಅನೇಕ ಮನೆಗಳಲ್ಲಿ ಅಜ್ಜಿಯೊಬ್ಬಳ ಕಣ್ಣು ಕೈಗಳಲ್ಲಿ ಮಾತ್ರ ಉಳಿದಿದೆ. ಮೊಮ್ಮಕ್ಕಳು ದೂರದ ಊರುಗಳಲ್ಲಿ ಓದುತ್ತಿರುವರು. ಓದಲಿ, ಅದು ಸಂತೋಷವೇ. ಆದರೆ ಆ ತಾಯಿ ಕಣ್ಮುಚ್ಚಿದ ದಿನ ಗಡಿಗೆಯಲ್ಲಿ ಕಾಳಿದ್ದರೂ ಮನೆಯಲ್ಲಿ ಬೀಜವಿರುವುದಿಲ್ಲ.

ಆದುದರಿಂದ ಸದ್ಗೃಹಸ್ಥರಲ್ಲಿ ನಮ್ಮ ವಿನಂತಿಯಿಷ್ಟೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಮಕ್ಕಳನ್ನು ಹೊಲಕ್ಕೆ ಕರೆದೊಯ್ಯುವಿರಿ. ಕೊಯ್ಲಿಗೆ ಮುನ್ನ ಇನ್ನೊಮ್ಮೆ ಕರೆದೊಯ್ಯಿರಿ. ಅಜ್ಜಿಯನ್ನು ಮುಂದಿಟ್ಟುಕೊಂಡು ಇಪ್ಪತ್ತು ತೆನೆಗಳಿಗೆ ಅವರ ಕೈಯಿಂದಲೇ ದಾರ ಕಟ್ಟಿಸಿರಿ. ಗಂಡು, ಹೆಣ್ಣು ಎಂಬ ಭೇದ ಇದರಲ್ಲಿ ಬೇಡ. ಮೊಳಕೆಯ ಲೆಕ್ಕವನ್ನು ಅವರೇ ಮಾಡಲಿ. ಮಿಕ್ಕ ಬೀಜವನ್ನು ನೆರೆಮನೆಯವರಿಗೆ ಅವರ ಕೈಯಿಂದಲೇ ಕೊಡಿಸಿರಿ. ಕಲಿತ ವಿದ್ಯೆ ಹೀಗೆ ಮನೆಯನ್ನು ದಾಟಿ ಊರಿಗೆ ಮುಟ್ಟಿದಾಗ ಕಾಯಕವು ದಾಸೋಹವಾಗುವುದು.