ತಿಪ್ಪಣ್ಣನೆಂಬ ಹೆಸರು ಯಾರಿಗೆ ನಾಚಿಕೆ?

ನಮ್ಮ ವಕೀಲಿಯ ಕಚೇರಿಗೆ ವರುಷಕ್ಕೆ ನಾಲ್ಕಾರು ಸಲ ಒಂದೇ ಬಗೆಯ ಕಕ್ಷಿಗಾರರು ಬರುತ್ತಾರೆ. ತಂದೆಯ ಹೊಲಕ್ಕೆ ಅವರೇ ವಾರಸುದಾರರೆಂಬದು ಊರಿಗೆಲ್ಲ ಗೊತ್ತು. ಆದರೆ ಹೊಲದ ಉತಾರದಲ್ಲಿರುವವನು ತಿಪ್ಪಣ್ಣ. ಶಾಲೆಯ ದಾಖಲೆಯಲ್ಲಿರುವವನು ಸಂಸ್ಕೃತ ನಾಮಧೇಯದ ಬೇರೊಬ್ಬ. ಇಬ್ಬರೂ ಒಬ್ಬನೇ ಎಂದು ಸಿದ್ಧಮಾಡುವದಕ್ಕೆ ಪ್ರತಿಜ್ಞಾಪತ್ರ, ಸಾಕ್ಷಿ, ಪತ್ರಿಕೆಯಲ್ಲಿ ಪ್ರಕಟಣೆ, ಕೆಲವು ಸಲ ದಾವೆ. “ಈ ಎರಡನೆಯ ಹೆಸರು ನಿಮಗೆ ಇಟ್ಟವರಾರು?” ಎಂದು ಕೇಳಿದರೆ ಬರುವ ಉತ್ತರವೂ ಒಂದೇ: “ಮಾಸ್ತರರು ಬರಕೊಂಡ್ರರಿ ವಕೀಲಸಾಹೇಬ್ರ. ತಿಪ್ಪಣ್ಣ ಅಂದ್ರ ಮಂದಿ ನಗತಾರ ಅಂದ್ರು.”

ನಗುವವರು ಯಾರು, ಮತ್ತು ಯಾಕೆ ನಗುತ್ತಾರೆ? ಈ ಪ್ರಶ್ನೆಯನ್ನು ಇಂದು ನಮ್ಮ ವಾಚಕರ ಮುಂದೆ ಮುಚ್ಚುಮರೆಯಿಲ್ಲದೆ ಇಡಬೇಕೆಂದು ನಾವು ನಿಶ್ಚಯಿಸಿದ್ದೇವೆ. ಏಕೆಂದರೆ ಆ ಲೇಖಣಿಯನ್ನು ಹಿಡಿದ ಗುರುಜನರೂ, ಆ ನಗೆಯನ್ನು ನಕ್ಕ ಪಟ್ಟಣಿಗರೂ ನಮ್ಮ ವಾಚಕರಲ್ಲಿಯೇ ಇದ್ದಾರೆ.

ತಿಪ್ಪಣ್ಣನೆಂದರೆ ಏನು? ಹುಟ್ಟಿದ ಕೂಸುಗಳು ಒಂದರ ಹಿಂದೊಂದು ಮಣ್ಣುಗೂಡಿದ ಮನೆಯಲ್ಲಿ ಮತ್ತೊಂದು ಕೂಸು ಹುಟ್ಟಿದಾಗ, ಅದನ್ನು ತಿಪ್ಪೆಯ ಮೇಲೆ ಹೊರಳಿಸಿ, ಇದು ನಮ್ಮದಲ್ಲ, ತಿಪ್ಪೆಯಲ್ಲಿ ಸಿಕ್ಕದ್ದು ಎಂದು ಸಾವಿನ ಕಣ್ಣಿಗೆ ಮಣ್ಣೆರಚಿ, ಸೆರಗಿನಲ್ಲಿ ಸುತ್ತಿ ಒಳಗೆ ತಂದು ತಾಯಿ ಇಟ್ಟ ಹೆಸರು ಅದು. ಆ ಮೂರಕ್ಷರದಲ್ಲಿ ಕಳೆದುಕೊಂಡ ಮಕ್ಕಳ ದುಃಖವಿದೆ, ಉಳಿದ ಕೂಸಿನ ಮೇಲಿನ ಪ್ರಾಣವಿದೆ. ಚಿತ್ರದುರ್ಗದ ಸೀಮೆಯ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ತೇರನ್ನೆಳೆಯಲು ಜನಸಾಗರವೇ ನೆರೆಯುತ್ತದೆ. ದೇವರ ಹೆಸರಿನ ಮೊದಲಿಗೆ ನಿಂತಾಗ ಪವಿತ್ರವಾದ ಮಾತು ಬಡವನ ಮಗನ ಹೆಸರಿನಲ್ಲಿ ಹೊಲಸಾಗುವದು ಹೇಗೆ?

ಇದು ನಮ್ಮ ಹಳ್ಳಿಗಳ ಮೌಢ್ಯವೆಂದು ಮೂಗು ಮುರಿಯುವವರು ಸ್ವಲ್ಪ ಲೋಕವನ್ನು ನೋಡಬೇಕು. ಪಶ್ಚಿಮ ಆಫ್ರಿಕೆಯ ಯೊರುಬಾ ಜನರಲ್ಲಿ ಹುಟ್ಟಿ ಹುಟ್ಟಿ ಸಾಯುವ ಕೂಸಿಗೆ ‘ಅಬಿಕು’ ಎನ್ನುತ್ತಾರೆ. ಅಂಥ ಮನೆಯಲ್ಲಿ ಮುಂದೆ ಹುಟ್ಟಿದ ಮಗುವಿಗೆ ಮಾಲೊಮೊ ಎಂದು ಹೆಸರಿಡುವದುಂಟು. ‘ಮತ್ತೆ ಹೋಗಬೇಡ’ ಎಂದು ಅದರ ಅರ್ಥ. ಮಂಗೋಲರಲ್ಲಿ ನೆರ್ಗುಯಿ ಎಂದರೆ ‘ಹೆಸರಿಲ್ಲದವನು’, ಎನೆಬಿಶ್ ಎಂದರೆ ‘ಇವನಲ್ಲ’, ಖುನ್‌ಬಿಶ್ ಎಂದರೆ ‘ಮನುಷ್ಯನಲ್ಲ’. ಹುಡುಕಿಕೊಂಡು ಬಂದ ಪೀಡೆಯು ಹೆಸರು ಕೇಳಿ ಮೋಸಹೋಗಿ ಹಿಂದಿರುಗಲಿ ಎಂಬ ಉಪಾಯವಿದು. ತುರ್ಕರ ದುರ್ಸುನ್ ಎಂಬ ಹೆಸರಿಗೆ ‘ನಿಲ್ಲಲಿ, ಉಳಿಯಲಿ’ ಎಂಬದೇ ಅರ್ಥ. ಒಬ್ಬರ ಭಾಷೆಯನ್ನು ಒಬ್ಬರು ಕೇಳರಿಯದ ಈ ತಾಯಂದಿರೆಲ್ಲ ಒಂದೇ ಮಾತನ್ನು ಆಡಿದ್ದಾರೆ.

ಪರದೇಶದ ಸಾಕ್ಷಿ ಸಾಲದೆನ್ನುವವರಿಗೆ ವೇದದ ಸಾಕ್ಷಿಯೇ ಇದೆ. ಐತರೇಯ ಬ್ರಾಹ್ಮಣದಲ್ಲಿ ಅಜೀಗರ್ತನಿಗೆ ಮೂವರು ಮಕ್ಕಳು: ಶುನಃಪುಚ್ಛ, ಶುನಃಶೇಪ, ಶುನೋಲಾಂಗೂಲ. ಮೂವರ ಹೆಸರಿಗೂ ನಾಯಿಯ ಬಾಲವೆಂದೇ ಅರ್ಥ ಹೇಳುತ್ತಾರೆ. ನಡುವಿನವನನ್ನು ತಂದೆಯು ನೂರು ಹಸುಗಳಿಗೆ ಯಜ್ಞಪಶುವಾಗಿ ಮಾರಿದನು; ಅವನು ದೇವತೆಗಳನ್ನು ಸ್ತುತಿಸಿ ಬದುಕಿದನು. ವಿಶ್ವಾಮಿತ್ರನು ಅವನನ್ನು ಮಗನನ್ನಾಗಿ ಸ್ವೀಕರಿಸಿ ದೇವರಾತನೆಂದು ಕರೆದನು. ಆದರೂ ಋಗ್ವೇದದ ಸೂಕ್ತಗಳಿಗೆ ಋಷಿಯಾಗಿ ಅವನು ಇಂದಿಗೂ ಶುನಃಶೇಪನೇ. ವೇದದ ಪಾಠವನ್ನು ತಿದ್ದಲು ಯಾವ ಪಂಡಿತನೂ ಕೈಯೆತ್ತಲಿಲ್ಲ. ತಿಪ್ಪಣ್ಣನ ಹೆಸರನ್ನು ತಿದ್ದಲು ಮಾತ್ರ ನಮ್ಮ ಕೈ ತಾನಾಗಿ ಏಳುತ್ತದೆ!

ಇನ್ನು ನಾವು ನಾಗರಿಕವೆಂದು ತಲೆದೂಗುವ ಹೆಸರುಗಳನ್ನು ಬಿಚ್ಚಿ ನೋಡೋಣ. ಪೀಟರ್ ಎಂದರೆ ಗ್ರೀಕಿನಲ್ಲಿ ಕಲ್ಲು. ಆತನು ನಮ್ಮ ಕಲ್ಲಪ್ಪ, ಗುಂಡಪ್ಪರ ಒಡಹುಟ್ಟು. ಪಾಲ್ ಎಂದರೆ ಲ್ಯಾಟಿನ್ನಿನಲ್ಲಿ ಸಣ್ಣವನು; ಆತನು ನಮ್ಮ ಸಣ್ಣಪ್ಪ. ಆರು ಮಂದಿ ಆಂಗ್ಲ ಅರಸರು ಹೊತ್ತ ಜಾರ್ಜ್ ಎಂಬ ಹೆಸರಿಗೆ ಭೂಮಿಯನ್ನು ಉಳುವವನೆಂದು ಅರ್ಥ. ಮೆಲನಿ ಎಂಬ ಗೌರಾಂಗಿಯ ಹೆಸರಿಗೆ ಕಪ್ಪು ಬಣ್ಣದವಳೆಂದು ಅರ್ಥ. ಆಕೆ ನಮ್ಮ ಕರಿಯವ್ವ. ಅಷ್ಟು ದೂರವೇಕೆ? ಕೃಷ್ಣನೆಂದರೂ ಕರಿಯನೆಂದರೂ ಅರ್ಥವೊಂದೇ ಅಲ್ಲವೆ? ಕೃಷ್ಣನೆಂದರೆ ಕೈಮುಗಿದು, ಕರಿಯನೆಂದರೆ ಕಿಸಕ್ಕೆಂದು ನಗುವವನು ಬಣ್ಣವನ್ನು ನೋಡಿ ನಗುವದಿಲ್ಲ, ಅರ್ಥವನ್ನು ನೋಡಿಯೂ ನಗುವದಿಲ್ಲ. ಕನ್ನಡವನ್ನು ನೋಡಿ ನಗುತ್ತಾನೆ.

ಕನ್ನಡದ ಮೇಲಿನ ಈ ತಾತ್ಸಾರಕ್ಕೆ ಜಾತಿಯ ತಾತ್ಸಾರವೂ ಸೇರಿದೆ. ತುಳುನಾಡಿನಲ್ಲಿ ದುಡಿಯುವ ಜನರು ಹುಟ್ಟಿದ ವಾರದ ಮೇಲೆ ಮಕ್ಕಳಿಗೆ ಹೆಸರಿಡುತ್ತಿದ್ದರು: ಆದಿತ್ಯವಾರಕ್ಕೆ ಐತ, ಮಂಗಳವಾರಕ್ಕೆ ಅಂಗಾರ, ಗುರುವಾರಕ್ಕೆ ಗುರುವ, ಶುಕ್ರವಾರಕ್ಕೆ ತುಕ್ರ, ಶನಿವಾರಕ್ಕೆ ತನಿಯ. ‘ತುಕ್ರ’ ಎಂಬದು ಪೇಟೆಯ ಬಾಯಲ್ಲಿ ಹಾಸ್ಯದ ಮಾತಾಯಿತು. ಪಶ್ಚಿಮ ಆಫ್ರಿಕೆಯ ಘಾನಾದಲ್ಲಿ ಅಕಾನ್ ಜನರೂ ಹೀಗೆಯೇ ವಾರದ ಹೆಸರಿಡುತ್ತಾರೆ. ಅಲ್ಲಿ ಶುಕ್ರವಾರ ಹುಟ್ಟಿದವನು ಕೋಫಿ, ಶನಿವಾರ ಹುಟ್ಟಿದವನು ಕ್ವಾಮೆ. ಕೋಫಿ ಅನ್ನಾನ್ 1997ರಿಂದ 2006ರ ವರೆಗೆ ಸಂಯುಕ್ತ ರಾಷ್ಟ್ರಸಂಘದ ಮಹಾಕಾರ್ಯದರ್ಶಿಗಳಾಗಿದ್ದರು. ಕ್ವಾಮೆ ಎನ್‌ಕ್ರುಮಾ ಅವರು ಫ್ರಾನ್ಸಿಸ್ ಎಂಬ ದೀಕ್ಷಾನಾಮವನ್ನು ಹಿಂದಿಟ್ಟು, ತಮ್ಮ ಜನರ ಶನಿವಾರದ ಹೆಸರಿನಿಂದಲೇ 1957ರಲ್ಲಿ ಸ್ವತಂತ್ರ ಘಾನಾದ ಮೊದಲ ಪ್ರಧಾನಮಂತ್ರಿಗಳಾದರು. ಶುಕ್ರವಾರವು ಎರಡು ನಾಡುಗಳಲ್ಲಿಯೂ ಒಂದೇ ಶುಕ್ರವಾರ. ಒಂದು ಕಡೆ ಲೋಕವು ಎದ್ದು ನಿಂತು ಗೌರವಿಸಿದ ಹೆಸರನ್ನು ಇನ್ನೊಂದು ಕಡೆ ನಾವು ಗೇಲಿ ಮಾಡಿದೆವು. ಅದೇ ತುಳುನಾಡು ಇಂದು ಕೊರಗಜ್ಜನ ಮುಂದೆ ಹರಕೆ ಹೊತ್ತು ನಿಲ್ಲುತ್ತದೆ. ಆ ಕೊರಗಜ್ಜನ ಹೆಸರಾದರೂ ತನಿಯನೇ!

ಇಲ್ಲಿ ಪ್ರತಿಪಕ್ಷದವರು ಒಂದು ಬಲವಾದ ಮಾತನ್ನು ಆಡಬಹುದು. “ದೀನರಿಗೆ ದೀನವಾದ ಹೆಸರೇ ಇರಲೆಂದು ಮೇಲಿನವರು ಬಯಸಿದರು. ಆ ಸಂಕೋಲೆಯನ್ನು ಕಾಪಾಡಬೇಕೆ?” ಈ ಮಾತಿನಲ್ಲಿ ಸತ್ಯವಿದೆ, ಅದನ್ನು ನಾವು ಅಲ್ಲಗಳೆಯುವದಿಲ್ಲ. ಶೂದ್ರನ ಹೆಸರು ಹೇಸಿಕೆ ಹುಟ್ಟಿಸುವಂತಿರಬೇಕೆಂದು ಮನುಸ್ಮೃತಿಯ ಎರಡನೆಯ ಅಧ್ಯಾಯದ 31ನೆಯ ಶ್ಲೋಕವು ವಿಧಿಸುತ್ತದೆ. ಮಗುವನ್ನು ಚುಚ್ಚುವ ಹೆಸರುಗಳೂ ಇವೆ. ಹೆಣ್ಣು ಸಾಕೆನಿಸಿದ ನಮ್ಮ ಮನೆಗಳಲ್ಲಿ ಸಾಕವ್ವ, ತುರ್ಕರಲ್ಲಿ ಅದೇ ಅರ್ಥದ ಯೆತೆರ್, ನೆರೆಯ ಮಹಾರಾಷ್ಟ್ರದಲ್ಲಿ ‘ಬೇಡವಾದವಳು’ ಎಂಬ ಅರ್ಥದ ನಕೋಶಿ. 2011ರ ಅಕ್ಟೋಬರದಲ್ಲಿ ಸಾತಾರಾ ಜಿಲ್ಲೆಯಲ್ಲಿ ಇಂಥ ಹೆಸರಿನ 285 ಹುಡುಗಿಯರಿಗೆ ಸಭೆ ನೆರೆಸಿ ಹೊಸ ಹೆಸರುಗಳನ್ನು ಕೊಟ್ಟರು. ತಮಗೆ ಬೇಕಾದ ಹೆಸರನ್ನು ತಾವೇ ಆರಿಸಿಕೊಂಡ ಹುಡುಗಿಯರು ಅವರಲ್ಲಿದ್ದರು. ಅದನ್ನು ನಾವು ಮನಃಪೂರ್ವಕವಾಗಿ ಮೆಚ್ಚುತ್ತೇವೆ.

ಹಾಗಾದರೆ ಭೇದವೆಲ್ಲಿ? ಲೇಖಣಿ ಯಾರ ಕೈಯಲ್ಲಿದೆ ಎಂಬಲ್ಲಿ. ಹೆಸರನ್ನು ಹೊತ್ತವನು ತಾನೇ ಇಳಿಸಿದರೆ ಅದು ಸ್ವಾತಂತ್ರ್ಯ. ಮತ್ತೊಬ್ಬನು ಕಿತ್ತುಕೊಂಡರೆ ಅದು ದಾಸ್ಯ. ಜಪಾನಿನ ಆಳರಸರು 1940ರಲ್ಲಿ ಕೊರಿಯದ ಜನರ ಮೇಲೆ ಜಪಾನೀ ರೀತಿಯ ಹೆಸರುಗಳನ್ನು ಹೇರಿದರು. ಜಪಾನು ಸೋತ ಮೇಲೆ, 1946ರಲ್ಲಿ, ಜನರು ತಮ್ಮ ಹೆಸರುಗಳನ್ನು ಮರಳಿ ಪಡೆದರು. ಬಲ್ಗೇರಿಯದ ಸರಕಾರವು 1984-85ರ ಚಳಿಗಾಲದಲ್ಲಿ ಪೋಲೀಸರನ್ನೂ ದಂಡನ್ನೂ ಊರೂರಿಗೆ ಕಳಿಸಿ, ಲಕ್ಷಾಂತರ ತುರ್ಕರ ಹೆಸರುಗಳನ್ನು ಅಳಿಸಿ ಬಲ್ಗೇರಿಯದ ಹೆಸರುಗಳನ್ನು ಬರೆಯಿಸಿತು. 1990ರಲ್ಲಿ ಹೊಸ ಕಾನೂನು ಮಾಡಿ ಅವನ್ನು ಹಿಂದಿರುಗಿಸಬೇಕಾಯಿತು. ಕೋವಿ ಹಿಡಿದ ದಂಡಿಗೂ ಕನಿಕರದಿಂದ ಲೇಖಣಿ ಹಿಡಿದ ಮಾಸ್ತರರಿಗೂ ಬಹಳ ಅಂತರವಿದೆ, ಒಪ್ಪಿದೆವು. ಆದರೆ ಇಬ್ಬರೂ ಮಗುವಿಗೆ ಹೇಳುವ ಮಾತೊಂದೇ: ನಿನ್ನ ತಾಯಿ ಕರೆದ ಹೆಸರಿನಿಂದ ನೀನು ನಮ್ಮ ನಡುವೆ ನಿಲ್ಲಲಾರೆ.

ಆರು ವರುಷದ ಹುಡುಗನು ಆ ದಿನ ಶಾಲೆಯಲ್ಲಿ ಕಲಿಯುವ ಮೊದಲ ಪಾಠವು ‘ಅ, ಆ’ ಅಲ್ಲ. ತನ್ನ ಮನೆ ಕೀಳು, ತನ್ನವ್ವನ ಮಾತು ಕೀಳು ಎಂಬದೇ ಆ ಪಾಠ. ಅವನು ದೊಡ್ಡವನಾಗಿ ಪಟ್ಟಣ ಸೇರಿ, ತಿಪ್ಪಣ್ಣಾ ಎಂದು ಕೂಗಿಕೊಂಡು ಬಂದ ಹೆತ್ತವ್ವನನ್ನು ಬಾಗಿಲಲ್ಲಿಯೇ ತಡೆದರೆ, ಆ ಪಾಪದ ಪಾಲು ಯಾರಿಗೆ?

ಕಾನೂನು ಏನು ಹೇಳುತ್ತದೆಂಬದನ್ನೂ ಕೇಳಿರಿ. 1969ರ ಜನನ ಮರಣ ನೋಂದಣಿಯ ಶಾಸನದ 14ನೆಯ ಕಲಮಿನ ಪ್ರಕಾರ, ಹೆಸರಿಲ್ಲದೆ ನೋಂದಣಿಯಾದ ಮಗುವಿನ ಹೆಸರನ್ನು ತಿಳಿಸಬೇಕಾದವರು ತಂದೆತಾಯಿ ಅಥವಾ ಪೋಷಕರು. ನೆರೆಯವರಲ್ಲ, ಗುಮಾಸ್ತರಲ್ಲ, ಶಾಲೆಯ ಗುರುಗಳೂ ಅಲ್ಲ.

ಆದುದರಿಂದ ಗುರುಜನರಲ್ಲಿ ನಮ್ಮ ಬಿನ್ನಹ ಇಷ್ಟೇ. ಮಗುವನ್ನು ಕರೆತಂದವರು ಹೇಳಿದ ಹೆಸರನ್ನು ಹೇಳಿದಂತೆಯೇ ಬರೆಯಿರಿ. ಬರೆದುದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿರಿ. ಜನನದ ಪತ್ರದೊಡನೆ ತಾಳೆ ನೋಡಿರಿ. ತರಗತಿಯಲ್ಲಿ ಯಾವನಾದರೂ ತುಕ್ರನ ಹೆಸರಿಗೆ ನಕ್ಕರೆ, ತಿದ್ದಬೇಕಾದದ್ದು ತುಕ್ರನ ಹೆಸರನ್ನಲ್ಲ, ನಕ್ಕವನನ್ನು. ಅಂದಿನ ಪಾಠಕ್ಕೆ ಕೋಫಿ ಅನ್ನಾನರ ಕಥೆಯನ್ನು ಹೇಳಿರಿ. ಹುಡುಗನು ಬೆಳೆದು ಬುದ್ಧಿ ಬಲಿತ ಮೇಲೆ ಬೇರೆ ಹೆಸರನ್ನು ಬಯಸಿದರೆ, ಕಾನೂನಿನ ಹಾದಿಯು ಅವನಿಗೆ ತೆರೆದಿದೆ. ಅವನ ಪರವಾಗಿ ನಿಲ್ಲಲು ನಾವೇ ಸಿದ್ಧರಿದ್ದೇವೆ.

ಹೆಸರಿನ ಬೆಲೆಯನ್ನು ಕನ್ನಡಿಗರಿಗೆ ಹೊಸದಾಗಿ ಕಲಿಸಬೇಕಾದುದಿಲ್ಲ. 1956ರ ನವೆಂಬರ 1ರಂದು ಹರಿದ ನಾಡು ಕೂಡಿತು; ಆದರೂ ತನ್ನ ಹೆಸರಿಗಾಗಿ ಅದು ಮತ್ತೂ ಹದಿನೇಳು ವರುಷ ಕಾಯಬೇಕಾಯಿತು. 1973ರ ನವೆಂಬರ 1ರಂದು ‘ಮೈಸೂರು ರಾಜ್ಯ’ವು ‘ಕರ್ನಾಟಕ’ವಾಯಿತು. ಹೆಸರಿನಲ್ಲೇನಿದೆ ಎಂದು ಆಗ ಯಾರೂ ಸುಮ್ಮನಿರಲಿಲ್ಲ. ನಾಡಿನ ಹೆಸರಿಗಾಗಿ ಅಷ್ಟು ಹಟ ಹಿಡಿದ ನಾವು, ನಾಡಿನ ಮಗನ ಹೆಸರನ್ನು ಒಂದು ಗೀಟಿನಿಂದ ಹೊಡೆದುಹಾಕುವದೆ? ತಿಪ್ಪಣ್ಣನು ತಿಪ್ಪಣ್ಣನಾಗಿಯೇ ತಲೆಯೆತ್ತಿ ಶಾಲೆಯ ಹೊಸ್ತಿಲು ದಾಟಲಿ. ನಾಚಬೇಕಾದವನು ಅವನಲ್ಲ.