ಹಳೆಯ ಪಿಕಪ್‌ಗೆ ಇನ್ನೊಂದು ಪ್ಲೇಟ್ ಬೇಕೇ?

ಪಿಕಪ್ ಇಟ್ಟುಕೊಂಡವರಿಗೆ ಕೈಯಲ್ಲಿ ನಾಲ್ಕು ಕಾಸು ಉಳಿಯತೊಡಗುವುದು ಸಾಲದ ಕಂತು ತೀರಿದ ಮೇಲೆಯೇ. ಅಷ್ಟರಲ್ಲಿ ಗಾಡಿಗೂ ವಯಸ್ಸಾಗಿರುತ್ತದೆ. ಹಿಂಭಾಗ ಒಂದಿಷ್ಟು ಕೂತಿರುತ್ತದೆ, ಹಂಪ್ ದಾಟಿದರೆ ಎರಡು ಮೂರು ಸಲ ಕುಣಿಯುತ್ತದೆ, ಲೋಡ್ ಹಾಕಿದಾಗ ಎಲ್ಲೋ ಕಿರ್ ಎನ್ನುತ್ತದೆ. ಗ್ಯಾರೇಜಿನಲ್ಲಿ ಸಿಗುವ ಸಲಹೆ ಬಹಳ ಸಲ ಒಂದೇ: ‘ಹಿಂದೆ ಒಂದೊಂದು ಪ್ಲೇಟ್ ಜಾಸ್ತಿ ಹಾಕಿಸಿಬಿಡಿ ಅಣ್ಣಾ, ಶಾಕ್ಸ್ ಹೆವಿ ಡ್ಯೂಟಿ ಮಾಡಿಸಿ.’ ಈ ಮಾತಿಗೆ ಹೂಂ ಎನ್ನುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಗಾಡಿ ಕಳೆದುಕೊಂಡ ಶಕ್ತಿಯನ್ನು ಮರಳಿ ಕೊಡುತ್ತಿದ್ದೇವೆಯೇ, ಅಥವಾ ಅದಕ್ಕೆ ಎಂದೂ ಇಲ್ಲದಿದ್ದ ಶಕ್ತಿಯನ್ನು ಕೇಳುತ್ತಿದ್ದೇವೆಯೇ? ಮೊದಲನೆಯದಕ್ಕೆ ಹಾಕಿದ ದುಡ್ಡು ಎಂದೂ ದಂಡವಾಗದು. ಎರಡನೆಯದು ತೀರಾ ಅಪರೂಪಕ್ಕೆ ಮಾತ್ರ ಸರಿ ಎಂಬುದು ನನ್ನ ನಂಬಿಕೆ.

ಯಾವ ಭಾಗಕ್ಕೆ ಯಾವ ಕೆಲಸ ಎಂಬುದು ಮೊದಲು ತಿಳಿದಿರಬೇಕು. ಭಾರ ಹೊರುವುದು ಲೀಫ್ ಸ್ಪ್ರಿಂಗ್, ಅಂದರೆ ಪ್ಲೇಟ್‌ಗಳ ಕಟ್ಟು. ಚಕ್ರ ಮೇಲೆದ್ದಾಗ ಅದು ಬಾಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ, ನುಂಗಿದ್ದನ್ನು ಮರುಕ್ಷಣವೇ ಹಿಂದಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯನ್ನು ಅಡಗಿಸುವುದು ಶಾಕ್ ಅಬ್ಸಾರ್ಬರ್. ಅದರೊಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಸುಳುವಾಗ ಕುಣಿತದ ಶಕ್ತಿಯೆಲ್ಲ ಬಿಸಿಯಾಗಿ ಕಳೆದುಹೋಗುತ್ತದೆ. ಹಾಗಾಗಿ ಕೂತ ಗಾಡಿಯನ್ನು ಮಾಮೂಲಿ ಶಾಕ್ಸ್ ಎಷ್ಟೇ ಹೆವಿ ಇದ್ದರೂ ಎತ್ತಲಾರವು. ಕುಣಿಯುವ ಗಾಡಿಯನ್ನು ಹೊಸ ಪ್ಲೇಟ್ ಸುಮ್ಮನಾಗಿಸಲಾರದು. ರೋಗ ತಿಳಿಯದೆ ಕೊಟ್ಟ ಮದ್ದಿನಂತೆ, ಹಣ ಹೋಗುತ್ತದೆ, ತೊಂದರೆ ಉಳಿಯುತ್ತದೆ.

ರೋಗ ತಿಳಿಯಲು ದೊಡ್ಡ ಉಪಕರಣ ಬೇಕಿಲ್ಲ. ಸಮತಟ್ಟಾದ ಜಾಗದಲ್ಲಿ ಖಾಲಿ ಗಾಡಿ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಕಡೆ ಟೇಪ್ ಹಿಡಿಯಿರಿ. ಒಂದು ಕಡೆ ತಗ್ಗಾಗಿದ್ದರೆ ಅಲ್ಲಿ ಪ್ಲೇಟ್ ಸೋತಿರಬಹುದು ಅಥವಾ ಒಡೆದಿರಬಹುದು. ಸೆಂಟರ್ ಬೋಲ್ಟ್‌ನ ತೂತಿನ ಬಳಿ ಬಿರುಕು ಬಿಡುವುದು ಹೆಚ್ಚು. ಅದು ಯು ಬೋಲ್ಟ್‌ಗಳ ನಡುವೆ ಮರೆಯಾಗಿರುವುದರಿಂದ ಮೇಲ್ನೋಟಕ್ಕೆ ಕಾಣದು. ಶಾಕ್ಸ್ ಮೈಮೇಲೆ ಎಣ್ಣೆ ಒಸರಿ ಧೂಳು ಮೆತ್ತಿಕೊಂಡಿದ್ದರೆ ಒಳಗಿನ ಸೀಲ್ ಹೋಗಿದೆ ಎಂದರ್ಥ. ಪ್ಲೇಟಿನ ತುದಿಯ ಕಣ್ಣೊಳಗಿನ ಬುಷ್ ಸವೆದು ಒಂದೆಡೆಗೆ ವಾಲಿದ್ದರೆ ಕಿರ್ ಶಬ್ದದ ಮೂಲ ಬಹುಶಃ ಅದೇ. ಇಷ್ಟನ್ನು ನೋಡಿದ ಮೇಲೆ, ಗಾಡಿಗೆ ಬೇಕಿರುವುದು ಬುಷ್, ಶಾಕಲ್ ಪಿನ್ ಮತ್ತು ಒಂದು ಜೊತೆ ಶಾಕ್ಸ್ ಮಾತ್ರ ಎಂದು ಎಷ್ಟೋ ಸಲ ಗೊತ್ತಾಗುತ್ತದೆ.

ಹಾಗಿದ್ದರೂ ಹೆಚ್ಚುವರಿ ಪ್ಲೇಟಿನ ಆಸೆ ಹೋಗದಿರುವುದಕ್ಕೆ ಕಾರಣ ಲೋಡು. ಕೋಲಾರದ ಮಾರುಕಟ್ಟೆಯ ಲೆಕ್ಕದಲ್ಲಿ ಒಂದು ಬಾಕ್ಸ್ ಟೊಮೆಟೊ 15 ಕೆ.ಜಿ. 1.7 ಟನ್ ಹೊರುವ ಬೊಲೆರೊ ಪಿಕಪ್‌ಗೆ 100 ಬಾಕ್ಸ್ ಎಂದರೆ ಒಂದೂವರೆ ಟನ್, ಅದರ ಮೇಲೆ ಕ್ರೇಟಿನ ತೂಕ. ಅಲ್ಲಿಗೆ ಗಾಡಿ ಹೆಚ್ಚುಕಡಿಮೆ ತುಂಬಿತು. 150 ಬಾಕ್ಸ್ ಹೇರಿದರೆ ಹಣ್ಣೇ ಎರಡೂಕಾಲು ಟನ್. ಪ್ಲೇಟ್ ಸೇರಿಸಿದ ಗಾಡಿ ಆ ಭಾರಕ್ಕೂ ಬಗ್ಗದೆ ನಿಂತಾಗ ‘ತಡೆಯುತ್ತೆ’ ಅನ್ನಿಸುತ್ತದೆ. ತಡೆದದ್ದು ಪ್ಲೇಟ್ ಮಾತ್ರ. ಆಕ್ಸಲ್, ಹಬ್ ಬೇರಿಂಗ್, ಟೈರು, ಬ್ರೇಕು, ಚಾಸಿ ಮೊದಲಿದ್ದ ಹಾಗೇ ಇವೆ. ಗಾಡಿ ಕೂರುವುದು ‘ಸಾಕು’ ಎಂಬ ಎಚ್ಚರಿಕೆಯೂ ಹೌದು. ಪ್ಲೇಟ್ ಸೇರಿಸಿದಾಗ ಭಾರ ಉಳಿದು ಎಚ್ಚರಿಕೆ ಮಾತ್ರ ಅಳಿಯುತ್ತದೆ. ಕೆಲವು ಪಿಕಪ್‌ಗಳಲ್ಲಿ ಹಿಂಭಾಗ ಎಷ್ಟು ಕೂತಿದೆ ಎಂಬುದನ್ನು ನೋಡಿಕೊಂಡು ಹಿಂದಿನ ಬ್ರೇಕಿನ ಒತ್ತಡವನ್ನು ಹೆಚ್ಚು ಕಡಿಮೆ ಮಾಡುವ ವಾಲ್ವ್ ಇರುತ್ತದೆ. ಗಾಡಿ ಕೂರದಿದ್ದರೆ ಆ ವಾಲ್ವ್‌ಗೆ ಅದು ಖಾಲಿ ಗಾಡಿ. ತುಂಬಿದ ಲೋಡಿನಲ್ಲೂ ಹಿಂಬದಿಗೆ ಬ್ರೇಕ್ ಕಡಿಮೆ ಬಿಡುತ್ತದೆ. ಇನ್ನು ಬರುವಾಗ ಗಾಡಿ ನಿಜಕ್ಕೂ ಖಾಲಿ. ಆಗ ಬಿಗಿಯಾದ ಕಟ್ಟು ಬಾಗುವುದೇ ಇಲ್ಲ, ಚಕ್ರ ರಸ್ತೆ ಬಿಟ್ಟು ಹಾರುತ್ತದೆ. ಮಳೆಯಲ್ಲಿ ಬ್ರೇಕ್ ಒತ್ತಿದರೆ ಹಿಂಭಾಗ ಜಾರುತ್ತದೆ.

ಕಾನೂನಿನ ದೃಷ್ಟಿಯೂ ಇದೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಆರ್‌ಸಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿ ಓವರ್‌ಲೋಡಿಗೆ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ ದಂಡ ಗೊತ್ತುಮಾಡಿತು. ಎಷ್ಟು ಪ್ಲೇಟ್ ಸೇರಿಸಿದರೂ ಆರ್‌ಸಿಯಲ್ಲಿ ಬರೆದ ತೂಕ ಒಂದು ಕೆ.ಜಿ.ಯೂ ಏರುವುದಿಲ್ಲ.

‘ಹೆಚ್ಚು ಹೇರದಿದ್ದರೆ ಡೀಸೆಲ್ ಖರ್ಚೂ ಗಿಟ್ಟುವುದಿಲ್ಲ’ ಎಂಬ ಮಾಲೀಕರ ಮಾತು ಸುಳ್ಳಲ್ಲ, ಅದನ್ನು ತಳ್ಳಿಹಾಕುವ ಹಕ್ಕು ನನಗಿಲ್ಲ. ಆದರೆ ಆ ದಾರಿ ಎಲ್ಲಿಗೆ ಒಯ್ಯುತ್ತದೆ? ಒಬ್ಬರು 150 ಬಾಕ್ಸ್ ಹೇರಿದರೆ ಪಕ್ಕದವರೂ ಹೇರಲೇಬೇಕು. ಕೊನೆಗೆ ಬಾಕ್ಸಿನ ಬಾಡಿಗೆ ಆ ಲೆಕ್ಕಕ್ಕೇ ಇಳಿಯುತ್ತದೆ. ಇವತ್ತಿನ ಲಾಭ ನಾಳೆಗೆ ಎಲ್ಲರ ಕನಿಷ್ಠ ಹೊರೆಯಾಗುತ್ತದೆ, ಸವೆತ ಮಾತ್ರ ಅವರವರ ಗಾಡಿಗೆ.

ಉತ್ತಮ ಭಾಗ ಹಾಕಿಸಲೇಬಾರದು ಎಂದು ಇದರ ಅರ್ಥವಲ್ಲ. ದಿನವೂ ಕಲ್ಲುರಸ್ತೆಯಲ್ಲಿ ಓಡುವ ಗಾಡಿಯ ಶಾಕ್ಸ್ ಕಾದು ಒಳಗಿನ ಎಣ್ಣೆ ನೊರೆಯಾಗುತ್ತದೆ. ಅನಿಲದ ಒತ್ತಡವಿರುವ ಗ್ಯಾಸ್ ಶಾಕ್ಸ್ ಅದನ್ನು ಚೆನ್ನಾಗಿ ತಡೆಯುವುದರಿಂದ ಅಲ್ಲಿ ಖರ್ಚು ಸಾರ್ಥಕ. ನೀರಿನ ಟ್ಯಾಂಕಿನಂಥ ಭಾರ ಸದಾ ಮೈಮೇಲಿದ್ದರೆ, ಒಟ್ಟು ತೂಕ ಮಿತಿಯೊಳಗಿದ್ದರೆ, ಆ ಮಾದರಿಗೆ ಕಂಪನಿಯೇ ಒಪ್ಪಿದ ಗಟ್ಟಿ ಕಟ್ಟು ಹಾಕಿಸಬಹುದು. ಎರಡರಲ್ಲೂ ಗಾಡಿಯ ಮಿತಿ ಬದಲಾಗುವುದಿಲ್ಲ, ಮಿತಿಯೊಳಗಿನ ಕೆಲಸ ಹಸನಾಗುತ್ತದೆ.

ಆದ್ದರಿಂದ ಮೊದಲು ಸವೆದದ್ದನ್ನು ಬದಲಿಸಿ, ಶಾಕ್ಸ್ ಮತ್ತು ಪ್ಲೇಟ್ ಕಟ್ಟನ್ನು ಎರಡೂ ಕಡೆ ಒಟ್ಟಿಗೇ ಹಾಕಿಸಿ, ಯು ಬೋಲ್ಟನ್ನು ಕೆಲವು ದಿನ ಓಡಿಸಿದ ಮೇಲೆ ಮತ್ತೆ ಬಿಗಿ ಮಾಡಿಸಿ. ಆಮೇಲೂ ಗಾಡಿ ಸಾಲದು ಅನ್ನಿಸಿದರೆ ನಿಮ್ಮ ಕೆಲಸ ಆ ಗಾಡಿಗಿಂತ ದೊಡ್ಡದಾಗಿದೆ ಎಂದರ್ಥ, ಅದಕ್ಕೆ ದೊಡ್ಡ ಗಾಡಿಯನ್ನೇ ನೋಡಬೇಕು. ವರ್ಷಗಟ್ಟಲೆ ಮನೆ ನಡೆಸಿದ ಗಾಡಿಯನ್ನು ಅದರ ಅಳತೆಯಲ್ಲೇ ಗಟ್ಟಿಯಾಗಿ ಇಟ್ಟುಕೊಳ್ಳುವುದು ಮಾಲೀಕರ ಜೇಬಿಗೂ ಒಳ್ಳೆಯದು, ಅದೇ ರಸ್ತೆಯಲ್ಲಿ ಎದುರು ಬರುವವರ ಜೀವಕ್ಕೂ ಒಳ್ಳೆಯದು.