ಕೊಲಾಬಾ ನಿಲ್ದಾಣ ಕಲಿಸುವ ಲೆಕ್ಕ

ಮುಂಬಯಿಯ ಕೊಲಾಬಾದಲ್ಲಿ ಹಿಂದೆ ಬಿ.ಬಿ. ಅಂಡ್ ಸಿ.ಐ. ರೈಲ್ವೆಯ ಅಂತಿಮ ನಿಲ್ದಾಣವಿತ್ತು. ಅದರ ನೆರೆಯಲ್ಲಿ ಬಹುಕಾಲ ಹತ್ತಿಯ ವಹಿವಾಟು ನಡೆದಿತ್ತು. 1928ರ ಜನವರಿಯಲ್ಲಿ ಅಲ್ಲಿಂದ ಉಪನಗರ ವಿದ್ಯುತ್ ರೈಲು ಆರಂಭವಾಯಿತು. ಮೂರು ವರ್ಷ ತುಂಬುವ ಮೊದಲೇ, 1930ರ ಡಿಸೆಂಬರ್ 31ರಂದು, ನಿಲ್ದಾಣವೇ ಮುಚ್ಚಿತು. ಹೂಡಿದ ಹಣ ವ್ಯರ್ಥವಾಯಿತೆಂಬ ಆಕ್ಷೇಪ ಸಹಜ. ಆದರೆ ಖರ್ಚಾಗಿಹೋದ ಹಣವು ಮುಂದಿನ ನಿರ್ಧಾರಕ್ಕೆ ಆಧಾರವಾಗಲಾರದು. ಗಮನಿಸಬೇಕಾದುದು ಬೇರೆಯೇ ಇದೆ: ದೂರಪ್ರಯಾಣದ ಗಾಡಿಗಳಿಗೆ ಬಾಂಬೆ ಸೆಂಟ್ರಲ್ ನಿಲ್ದಾಣವು ಅದೇ ಡಿಸೆಂಬರ್ 18ರಂದು ಉದ್ಘಾಟನೆಗೊಂಡಿತ್ತು, ಉಪನಗರ ಗಾಡಿಗಳಿಗೆ ಚರ್ಚ್‌ಗೇಟ್ ಇತ್ತು. ಮೊದಲು ಬದಲಿ ವ್ಯವಸ್ಥೆ, ಅನಂತರ ಮುಚ್ಚುಗಡೆ. ನಮ್ಮೂರಿನ ಗೂಡ್ಸ್ ಶೆಡ್ ಸ್ಥಳಾಂತರದ ಪ್ರಸ್ತಾಪ ಬಂದಾಗ ವರ್ತಕರು ಬರಿದೇ ವಿರೋಧಿಸದೆ, ಈ ಕ್ರಮವನ್ನೇ ಲಿಖಿತವಾಗಿ ಕೇಳಬೇಕು. ಹೆಚ್ಚುವರಿ ಲಾರಿ ಬಾಡಿಗೆ, ಹಮಾಲಿ ಯಾರ ಖಾತೆಗೆ ಎಂಬುದೂ ಆಗಲೇ ತೀರ್ಮಾನವಾಗಬೇಕು.